ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ?



ಒಂದು ಒಗಟಿನಿಂದ ಆರಂಭಿಸೋಣ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೂ ನಮ್ಮ ಬೆಂಗಳೂರಿಗೂ ನಡುವೆ, ಮಾರ್ಗದಲ್ಲಿ ಎಲ್ಲಿಯೂ ಇಳಿಯದ ನೇರ ವಿಮಾನ ಸಂಚಾರವನ್ನು ಆರಂಭಿಸಿತು. ಮೊದಲ ವಿಮಾನದ ವೇಳಾಪಟ್ಟಿ ಹೀಗಿತ್ತು: ಜನವರಿ 9, ಶನಿವಾರ ರಾತ್ರಿ 8.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಬಿಡುವುದು. ಜನವರಿ 11, ಸೋಮವಾರ ಬೆಳಗಿನ ಜಾವ 3.45ಕ್ಕೆ ಬೆಂಗಳೂರು ತಲುಪುವುದು. ಮರುಪ್ರಯಾಣದ ವಿಮಾನ ಅದೇ ಸೋಮವಾರ ಮಧ್ಯಾಹ್ನ 2.30ಕ್ಕೆ ಬೆಂಗಳೂರು ಬಿಟ್ಟು, ಅದೇ ದಿನ ಸಂಜೆ 5 ಗಂಟೆಗೆ ಸ್ಯಾನ್ ಫ್ರಾನ್ಸಿಸ್ಕೊ ತಲುಪಬೇಕು.

ಗಡಿಯಾರವನ್ನು ಮಾತ್ರ ನಂಬಿದರೆ, ಬರುವುದಕ್ಕೆ 31 ಗಂಟೆ 15 ನಿಮಿಷ ಬೇಕು, ಹೋಗುವುದಕ್ಕೆ ಎರಡೂವರೆ ಗಂಟೆ ಸಾಕು! ಅಷ್ಟೇ ಅಲ್ಲ, ಬರುವ ಪ್ರಯಾಣಿಕರಿಗೆ ನಡುವಿನ ಭಾನುವಾರ ಕಾಣೆಯಾದಂತೆಯೂ ತೋರುತ್ತದೆ. ಇದು ಹೇಗೆ?

ಇಂದು ನಮ್ಮ ರಾಜ್ಯದ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ, ಅಕ್ಕನೋ ಚಿಕ್ಕಪ್ಪನೋ ಅಮೆರಿಕದ ಆ ಭಾಗದಲ್ಲಿ ಕೆಲಸಕ್ಕಿದ್ದಾರೆ. "ಅದು ಎಷ್ಟು ದೂರ?" ಎಂದು ಮನೆಯ ಅಜ್ಜಿ ಕೇಳಿದರೆ ಒಬ್ಬರು "14 ಸಾವಿರ ಕಿಲೋಮೀಟರ್" ಎನ್ನುತ್ತಾರೆ. ಇನ್ನೊಬ್ಬರು "17 ಗಂಟೆ" ಎನ್ನುತ್ತಾರೆ. ಮತ್ತೊಬ್ಬರು "ಎರಡು ದಿನ" ಎನ್ನುತ್ತಾರೆ. ವಿಚಿತ್ರವೆಂದರೆ ಮೂರೂ ಸರಿ ಇರಬಹುದು. ದೂರವೆಂಬುದು ಒಂದೇ ಒಂದು ಅಂಕಿಯಲ್ಲ. ಯಾವ ದಾರಿಯಲ್ಲಿ, ಯಾರ ಗಡಿಯಾರದಲ್ಲಿ, ಎಲ್ಲಿಂದ ಎಲ್ಲಿಗೆ ಎಂದು ಕೇಳದೆ ಆ ಅಂಕಿಗೆ ಅರ್ಥವಿಲ್ಲ. ಈ ಮೂರು ಪ್ರಶ್ನೆಗಳನ್ನು ಒಂದೊಂದಾಗಿ ಬಿಡಿಸೋಣ. ಕೈಯಲ್ಲಿ ಒಂದು ಕಾಗದ, ಪೆನ್ಸಿಲ್ ಇರಲಿ.

ಭಾನುವಾರ ಎಲ್ಲಿ ಹೋಯಿತು?

ಭೂಮಿ ತನ್ನ ಅಕ್ಷದ ಸುತ್ತ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. ಇದು ನಿಮಗೆ ಭೂಗೋಳದ ಪಾಠದಲ್ಲಿ ಬಂದೇ ಇರುತ್ತದೆ. ಭಾರತದ ಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು ಅನುಸರಿಸುತ್ತವೆ. ಈ ರೇಖಾಂಶ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಗಡಿಯಾರಗಳು ಅನುಸರಿಸುವುದು 120 ಡಿಗ್ರಿ ಪಶ್ಚಿಮ ರೇಖಾಂಶದ ಸಮಯವನ್ನು.

ಒಂದು ಗ್ರೀನಿಚ್‌ನ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಆದ್ದರಿಂದ ಎರಡನ್ನೂ ಕೂಡಿಸಬೇಕು: 82.5 ಮತ್ತು 120 ಸೇರಿ 202.5 ಡಿಗ್ರಿ. ಇದನ್ನು 4ರಿಂದ ಗುಣಿಸಿದರೆ 810 ನಿಮಿಷ, ಅಂದರೆ ಹದಿಮೂರೂವರೆ ಗಂಟೆ. ನಮ್ಮ ಗಡಿಯಾರ ಅಷ್ಟು ಮುಂದೆ, ಅವರದು ಅಷ್ಟು ಹಿಂದೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರದಿಂದ ನವೆಂಬರ್ ತಿಂಗಳ ಮೊದಲ ಭಾನುವಾರದವರೆಗೆ ಅಲ್ಲಿನವರು ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುವುದರಿಂದ, ಆ ತಿಂಗಳುಗಳಲ್ಲಿ ವ್ಯತ್ಯಾಸ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ.

ಈಗ ಒಗಟು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶನಿವಾರ ರಾತ್ರಿ 8.30 ಆದಾಗ ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ 10 ಗಂಟೆ. ವಿಮಾನ ಇಳಿಯುವುದು ಸೋಮವಾರ ಬೆಳಗಿನ ಜಾವ 3.45ಕ್ಕೆ. ನಡುವಿನ ಅವಧಿ 17 ಗಂಟೆ 45 ನಿಮಿಷ. ಅದೇ ರೀತಿ ಬೆಂಗಳೂರಿನ ಸೋಮವಾರ ಮಧ್ಯಾಹ್ನ 2.30 ಎಂದರೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇನ್ನೂ ಸೋಮವಾರ ನಡುರಾತ್ರಿ ಕಳೆದು 1 ಗಂಟೆ. ಅಲ್ಲಿಂದ ಸಂಜೆ 5ಕ್ಕೆ 16 ಗಂಟೆ. ಭಾನುವಾರ ಎಲ್ಲಿಯೂ ಹೋಗಲಿಲ್ಲ. ಅದರ ಬಹುಭಾಗವನ್ನು ಪ್ರಯಾಣಿಕರು ಮೋಡಗಳ ಮೇಲೆ ಕಳೆದರು, ಅಷ್ಟೆ. ಹೋಗುವವರಿಗಾದರೋ ಸೋಮವಾರದ ಕೆಲವು ಗಂಟೆಗಳು ಎರಡು ಸಲ ಸಿಕ್ಕವು.

ಎರಡು ಬೇರೆ ಊರುಗಳ ಗಡಿಯಾರಗಳನ್ನು ಕಳೆದು ಪ್ರಯಾಣದ ಅವಧಿ ಹೇಳಬಾರದು. ಮೊದಲು ಎರಡನ್ನೂ ಒಂದೇ ಊರಿನ ಸಮಯಕ್ಕೆ ತಂದುಕೊಳ್ಳಬೇಕು. ಆದರೆ ಈ ಲೆಕ್ಕ ಇನ್ನೊಂದು ಪ್ರಶ್ನೆಯನ್ನು ಎತ್ತುತ್ತದೆ. ಬರುವಾಗ 17 ಗಂಟೆ 45 ನಿಮಿಷ, ಹೋಗುವಾಗ 16 ಗಂಟೆ. ಊರುಗಳು ಅವೇ, ನಡುವಿನ ಭೂಮಿಯೂ ಅದೇ. ಈ ಒಂದೂಮುಕ್ಕಾಲು ಗಂಟೆಯ ವ್ಯತ್ಯಾಸ ಎಲ್ಲಿಂದ ಬಂತು? ಉತ್ತರ ತಿಳಿಯಲು ಮೊದಲು ದಾರಿಯನ್ನು ಹುಡುಕಬೇಕು.

ಗೋಡೆಯ ನಕ್ಷೆ ಮತ್ತು ಕೈಯಲ್ಲಿನ ದಾರ

ನಿಮ್ಮ ಶಾಲೆಯ ಗೋಡೆಯ ಮೇಲಿರುವ ಪ್ರಪಂಚದ ನಕ್ಷೆಯನ್ನು ನೆನೆಯಿರಿ. ಅಮೆರಿಕ ಎಡ ತುದಿಯಲ್ಲಿದೆ, ಭಾರತ ಬಲಕ್ಕಿದೆ. ಅಕ್ಷಾಂಶ ರೇಖಾಂಶಗಳು ಚೌಕುಳಿಯಂತೆ ನೇರವಾಗಿ ಬರೆದಿರುವ ಇಂಥ ನಕ್ಷೆಗಳಲ್ಲಿ ಬಹು ಪ್ರಸಿದ್ಧವಾದದ್ದು ಮರ್ಕೇಟರ್ ಎಂಬಾತ 1569ರಲ್ಲಿ ನಾವಿಕರ ಅನುಕೂಲಕ್ಕಾಗಿ ರೂಪಿಸಿದ ಪದ್ಧತಿ. ಅಳತೆಪಟ್ಟಿ ಇಟ್ಟು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಗೆರೆ ಎಳೆದರೆ ಅದು ಅರಬ್ಬೀ ಸಮುದ್ರ, ಅರೇಬಿಯಾ, ಸಹಾರಾ ಮರುಭೂಮಿ, ಅಟ್ಲಾಂಟಿಕ್ ಸಾಗರ, ಅಮೆರಿಕದ ಉದ್ದಗಲ ದಾಟಿ ಹೋಗುತ್ತದೆ. ಆ ಗೆರೆಯನ್ನೇ ಹಿಡಿದು ನಿಜವಾಗಿ ಸಂಚರಿಸಿದರೆ ಕ್ರಮಿಸಬೇಕಾದ ದೂರ ಸುಮಾರು 20,000 ಕಿಲೋಮೀಟರ್!

ಇನ್ನೊಂದು ನಕ್ಷೆಯಲ್ಲಿ ಪೆಸಿಫಿಕ್ ಸಾಗರ ನಡುವೆ ಇದ್ದರೆ ಗೆರೆ ಪೂರ್ವಕ್ಕೆ ಹೋಗುತ್ತದೆ: ಬಂಗಾಳ ಕೊಲ್ಲಿ, ವಿಯೆಟ್ನಾಂ, ಆಮೇಲೆ ಅಗಾಧ ಪೆಸಿಫಿಕ್. ಆ ಗೆರೆಯ ನಿಜವಾದ ಉದ್ದ ಸುಮಾರು 16,100 ಕಿಲೋಮೀಟರ್. ಎರಡೂ ಕಡೆ ನಾವು ಎಳೆದದ್ದು ನೇರ ಗೆರೆಯೇ. ಆದರೂ ಉತ್ತರಗಳು ಬೇರೆ, ಮತ್ತು ಎರಡೂ ಅತಿ ಹತ್ತಿರದ ದಾರಿಯಲ್ಲ.

ಈಗ ನಕ್ಷೆಯನ್ನು ಬಿಟ್ಟು ಗ್ಲೋಬ್ ತೆಗೆದುಕೊಳ್ಳಿ. ಗ್ಲೋಬ್ ಇಲ್ಲದಿದ್ದರೆ ಒಂದು ದೊಡ್ಡ ರಬ್ಬರ್ ಚೆಂಡಿನ ಮೇಲೆ ಎರಡು ಊರುಗಳನ್ನು ಗುರುತಿಸಿಕೊಂಡರೂ ಆದೀತು. ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದು ಭಾಗವನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಹಿಡಿದು, ಸಡಿಲವಿಲ್ಲದಂತೆ ಬಿಗಿಯಾಗಿ ಎಳೆಯಿರಿ. ದಾರ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಅದು ಉತ್ತರಕ್ಕೆ ಜಾರುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯಾಗಳ ಮೇಲೆ ಹಾದು, ಸೈಬೀರಿಯಾವನ್ನು ದಾಟಿ, ಕೊಲಿಮಾ ನದಿ ಸಮುದ್ರ ಸೇರುವ ಕಡೆ ಆರ್ಕ್ಟಿಕ್ ತೀರವನ್ನು ಮುಟ್ಟಿ, ಅಲಾಸ್ಕಾದ ಮೇಲೆ ಇಳಿದು ಸ್ಯಾನ್ ಫ್ರಾನ್ಸಿಸ್ಕೊ ಸೇರುತ್ತದೆ.

ಗೋಳದ ಮೇಲೆ ಎರಡು ಬಿಂದುಗಳ ನಡುವಣ ಅತಿ ಕಡಿಮೆ ದೂರ ಇದೇ. ಇದನ್ನು ಮಹಾವೃತ್ತದ ದಾರಿ ಎನ್ನುತ್ತಾರೆ. ಭೂಮಿಯ ಕೇಂದ್ರದ ಮೂಲಕ ಹಾಯುವಂತೆ ಗೋಳವನ್ನು ಎರಡು ಸಮಭಾಗವಾಗಿ ಕತ್ತರಿಸಿದರೆ ಅಂಚಿನಲ್ಲಿ ಕಾಣುವ ವೃತ್ತವೇ ಮಹಾವೃತ್ತ. ಸಮಭಾಜಕ ವೃತ್ತವೂ ಒಂದು ಮಹಾವೃತ್ತ. ಆದರೆ ಬೆಂಗಳೂರು ಇರುವ 13 ಡಿಗ್ರಿ ಅಕ್ಷಾಂಶ ಮಹಾವೃತ್ತವಲ್ಲ, ಏಕೆಂದರೆ ಅದು ಭೂಮಿಯನ್ನು ಸಮನಾಗಿ ಕತ್ತರಿಸುವುದಿಲ್ಲ.

ನಕ್ಷೆ ಸುಳ್ಳು ಹೇಳಿತೇ? ಹಾಗೆನ್ನುವುದು ತಪ್ಪಾದೀತು. ಕಿತ್ತಳೆಯ ಸಿಪ್ಪೆಯನ್ನು ಹರಿಯದೆ, ಎಳೆಯದೆ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಲು ಸಾಧ್ಯವಿಲ್ಲ. ಗೋಳವನ್ನು ಹಾಳೆಯ ಮೇಲೆ ಇಳಿಸುವಾಗ ಏನನ್ನಾದರೂ ಬಿಟ್ಟುಕೊಡಲೇಬೇಕು. ಮರ್ಕೇಟರ್ ದಿಕ್ಕನ್ನು ಉಳಿಸಿಕೊಂಡು ದೂರವನ್ನು ಬಿಟ್ಟುಕೊಟ್ಟ. ದಿಕ್ಸೂಚಿ ನೋಡಿಕೊಂಡು ಹೋಗುವ ನಾವಿಕನಿಗೆ ಬೇಕಾಗಿದ್ದದ್ದೂ ಅದೇ.

ಸ್ವಲ್ಪ ಲೆಕ್ಕ

ಈ ದೂರವನ್ನು ನೀವೇ ಲೆಕ್ಕ ಹಾಕಬಹುದು. ಬೆಂಗಳೂರು ವಿಮಾನ ನಿಲ್ದಾಣದ ಸ್ಥಾನ ಸುಮಾರು 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದ್ದು 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮ. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್ ಆದ್ದರಿಂದ ಮಹಾವೃತ್ತದ ಮೇಲೆ ಒಂದು ಡಿಗ್ರಿಯೆಂದರೆ ಸುಮಾರು 111.2 ಕಿಲೋಮೀಟರ್.

ಮೊದಲು ಹೈಸ್ಕೂಲಿನವರು ಮಾಡಬಹುದಾದ ಸುಲಭ ಲೆಕ್ಕ. ಬೆಂಗಳೂರಿನಿಂದ ನೇರ ಉತ್ತರ ಧ್ರುವಕ್ಕೆ ಹೋಗಿ, ಅಲ್ಲಿಂದ ನೇರ ದಕ್ಷಿಣಕ್ಕೆ ಸ್ಯಾನ್ ಫ್ರಾನ್ಸಿಸ್ಕೊಗೆ ಇಳಿದರೆ ಎಷ್ಟು ದೂರ? 90ರಲ್ಲಿ 13.2 ಕಳೆದರೆ 76.8 ಡಿಗ್ರಿ. 90ರಲ್ಲಿ 37.6 ಕಳೆದರೆ 52.4 ಡಿಗ್ರಿ. ಎರಡೂ ಸೇರಿ 129.2 ಡಿಗ್ರಿ. ಇದನ್ನು 111.2ರಿಂದ ಗುಣಿಸಿದರೆ ಸುಮಾರು 14,370 ಕಿಲೋಮೀಟರ್.

ಪಿ.ಯು.ಸಿ. ಗಣಿತ ಓದುತ್ತಿರುವವರು ಮಹಾವೃತ್ತದ ಲೆಕ್ಕವನ್ನೂ ಮಾಡಬಹುದು. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ. ಎರಡು ಅಕ್ಷಾಂಶಗಳ ಕೊಸೈನ್‌ಗಳನ್ನು ಗುಣಿಸಿ, ಅದನ್ನು ರೇಖಾಂಶಗಳ ವ್ಯತ್ಯಾಸದ ಕೊಸೈನ್‌ನಿಂದ ಮತ್ತೆ ಗುಣಿಸಿ. ಎರಡು ಗುಣಲಬ್ಧಗಳನ್ನೂ ಕೂಡಿಸಿದರೆ ಬೇಕಾದ ಕೋನದ ಕೊಸೈನ್ ಸಿಗುತ್ತದೆ. ನಮ್ಮ ಊರುಗಳ ರೇಖಾಂಶಗಳ ಮೊತ್ತ 200.1 ಡಿಗ್ರಿ, ಗೋಳದ ಇನ್ನೊಂದು ಬದಿಯಿಂದ ನೋಡಿದರೆ 159.9 ಡಿಗ್ರಿ. ಲೆಕ್ಕ ಮುಗಿದಾಗ ಉತ್ತರ ಸುಮಾರು ಋಣ 0.585 ಬರುತ್ತದೆ. ಆ ಕೋನ 125.8 ಡಿಗ್ರಿ. 111.2ರಿಂದ ಗುಣಿಸಿದರೆ ಸುಮಾರು 13,990 ಕಿಲೋಮೀಟರ್.

ಎರಡು ಉತ್ತರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಧ್ರುವದ ಮೇಲೆಯೇ ಹೋದರೂ ಅತಿ ಹತ್ತಿರದ ದಾರಿಗಿಂತ ಹೆಚ್ಚಾಗುವುದು ಸುಮಾರು 380 ಕಿಲೋಮೀಟರ್ ಮಾತ್ರ. ಅಂದರೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಇರುವಷ್ಟೂ ಇಲ್ಲ! 2021ರ ಆ ಮೊದಲ ವಿಮಾನ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂದದ್ದು ಸುದ್ದಿಯಾಗಿತ್ತು. ಅದನ್ನು ನಡೆಸಿದವರು ನಾಲ್ವರು ಮಹಿಳಾ ಪೈಲಟ್‌ಗಳು: ಕ್ಯಾಪ್ಟನ್ ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ ಮತ್ತು ಶಿವಾನಿ ಮನ್ಹಾಸ್. ಸ್ವಲ್ಪ ಹೆಚ್ಚು ದೂರವಾದರೂ ಆ ದಾರಿಯನ್ನು ಹಿಡಿದದ್ದೇಕೆ? ಇಲ್ಲಿ ಗಾಳಿ ಪ್ರವೇಶಿಸುತ್ತದೆ.

ಗಾಳಿಯ ಪಾಲು

ಇಂಥ ದೊಡ್ಡ ಜೆಟ್ ವಿಮಾನ ತನ್ನ ಸುತ್ತಲಿನ ಗಾಳಿಗೆ ಹೋಲಿಸಿದರೆ ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ. "ಸುತ್ತಲಿನ ಗಾಳಿಗೆ ಹೋಲಿಸಿದರೆ" ಎಂಬ ಮಾತನ್ನು ಗಮನಿಸಿ. ತುಂಬಿ ಹರಿಯುವ ಹೊಳೆಯಲ್ಲಿ ದೋಣಿ ನಡೆಸುವ ಅಂಬಿಗನನ್ನು ನೋಡಿದ್ದೀರಲ್ಲವೇ? ತೋಳಿನ ಬಲ ಒಂದೇ ಆದರೂ ಪ್ರವಾಹದೊಂದಿಗೆ ಹೋಗುವಾಗ ದಡ ಬೇಗ ಬೇಗ ಹಿಂದೆ ಸರಿಯುತ್ತದೆ, ಎದುರು ಹೋಗುವಾಗ ನಿಧಾನ.

ಆಕಾಶದಲ್ಲಿಯೂ ಹೊಳೆಗಳಿವೆ. ಸುಮಾರು 9ರಿಂದ 12 ಕಿಲೋಮೀಟರ್ ಎತ್ತರದಲ್ಲಿ, ಉಷ್ಣವಲಯದ ಬಿಸಿ ಗಾಳಿಗೂ ಧ್ರುವದ ಕಡೆಯ ತಣ್ಣನೆಯ ಗಾಳಿಗೂ ನಡುವೆ, ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಹರಿಯುವ ಕಿರಿದಾದ ವಾಯುಪ್ರವಾಹಗಳಿವೆ. ಇವನ್ನು ಜೆಟ್ ಪ್ರವಾಹಗಳೆನ್ನುತ್ತಾರೆ. ಚಳಿಗಾಲದಲ್ಲಿ ಉತ್ತರ, ದಕ್ಷಿಣಗಳ ತಾಪಮಾನದ ಅಂತರ ಹೆಚ್ಚುವುದರಿಂದ ಇವುಗಳ ಬಲವೂ ಹೆಚ್ಚು. ಕೆಲವೊಮ್ಮೆ ಗಂಟೆಗೆ 300 ಕಿಲೋಮೀಟರ್ ದಾಟುವುದುಂಟು.

ಲೆಕ್ಕ ಹಾಕಿ ನೋಡಿ. ಗಾಳಿಯೇ ಇಲ್ಲದಿದ್ದರೆ 13,990 ಕಿಲೋಮೀಟರಿಗೆ ಸುಮಾರು ಹದಿನೈದೂವರೆ ಗಂಟೆ ಬೇಕು. ದಾರಿಯುದ್ದಕ್ಕೂ ಸರಾಸರಿ 100 ಕಿಲೋಮೀಟರ್ ವೇಗದ ಎದುರು ಗಾಳಿ ಇದ್ದರೆ ನೆಲದ ಮೇಲಿನ ವೇಗ 800ಕ್ಕೆ ಇಳಿದು, ಸುಮಾರು ಹದಿನೇಳೂವರೆ ಗಂಟೆಯಾಗುತ್ತದೆ. ಅಷ್ಟೇ ಗಾಳಿ ಬೆನ್ನ ಹಿಂದಿದ್ದರೆ 14 ಗಂಟೆಯಲ್ಲಿ ಮುಗಿಯುತ್ತದೆ. ಊರುಗಳು ಕದಲಲಿಲ್ಲ, ದೂರ ಬದಲಾಗಲಿಲ್ಲ, ಆದರೂ ಮೂರೂವರೆ ಗಂಟೆಯ ಅಂತರ!

ದೂರ ಹೆಚ್ಚಾದರೂ ಸಮಯ ಕಡಿಮೆಯಾಗುವುದಕ್ಕೆ ನಿಜವಾದ ಉದಾಹರಣೆಯೇ ಇದೆ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿದ್ದ ವಿಮಾನವನ್ನು 2016ರ ಅಕ್ಟೋಬರ್‌ನಲ್ಲಿ ಪೆಸಿಫಿಕ್ ಕಡೆಗೆ ತಿರುಗಿಸಲಾಯಿತು. ಹೊಸ ದಾರಿ ಸುಮಾರು 15,300 ಕಿಲೋಮೀಟರ್. ಹಳೆಯದಕ್ಕಿಂತ ಸುಮಾರು 1,400 ಕಿಲೋಮೀಟರ್ ಹೆಚ್ಚು. ಆದರೂ ಬೆನ್ನ ಹಿಂದೆ ಗಾಳಿ ಇದ್ದುದರಿಂದ ವಿಮಾನ ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ, ಮೊದಲಿಗಿಂತ ಬೇಗನೆ ತಲುಪಿತು. ಸುತ್ತುದಾರಿಯೇ ಹತ್ತಿರದ ದಾರಿಯಾಯಿತು!

ಅಮೆರಿಕದಿಂದ ಬರುವ ವಿಮಾನ ಪೆಸಿಫಿಕ್ ಮೇಲೆ ಪಶ್ಚಿಮಕ್ಕೆ ಹಾರಿದರೆ ಆ ಹೊಳೆಯನ್ನು ಎದುರಿಸಿ ಈಜಬೇಕು. ಉತ್ತರಕ್ಕೆ ಏರಿ ಧ್ರುವದ ಕಡೆ ಹೋದರೆ ಅದರಿಂದ ತಪ್ಪಿಸಿಕೊಳ್ಳಬಹುದು. ಧ್ರುವದ ದಾರಿಯ ಗುಟ್ಟು ಇದು. ಹೋಗುವಾಗ 16, ಬರುವಾಗ 17 ಮುಕ್ಕಾಲು ಗಂಟೆ ಎಂಬ ವೇಳಾಪಟ್ಟಿಯ ಗುಟ್ಟೂ ಇದೇ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕು. "ಭೂಮಿ ಪೂರ್ವಕ್ಕೆ ತಿರುಗುತ್ತಿರುವುದರಿಂದ, ವಿಮಾನ ಮೇಲೆದ್ದು ಸುಮ್ಮನೆ ನಿಂತರೆ ಪಶ್ಚಿಮದ ಊರು ತಾನಾಗಿಯೇ ಕೆಳಗೆ ಬರಬೇಕಲ್ಲವೇ?" ಎಂದು ಅನೇಕರು ಕೇಳುತ್ತಾರೆ. ಬರುವುದಿಲ್ಲ. ಭೂಮಿಯೊಂದಿಗೆ ಅದರ ವಾಯುಮಂಡಲವೂ ತಿರುಗುತ್ತದೆ, ನೆಲದ ಮೇಲೆ ನಿಂತಿದ್ದ ವಿಮಾನಕ್ಕೂ ಆ ಚಲನೆ ಮೊದಲೇ ಇರುತ್ತದೆ. ಓಡುತ್ತಿರುವ ರೈಲಿನೊಳಗೆ ನೀವು ಮೇಲಕ್ಕೆ ಹಾರಿದರೆ ಹಿಂದಿನ ಬೋಗಿಯಲ್ಲಿ ಇಳಿಯುತ್ತೀರಾ? ಇದೂ ಹಾಗೆಯೇ.

ಕೆಳಗಿರುವ ನೆಲ

ದಾರದ ಗೆರೆ ನೇಪಾಳ, ಟಿಬೆಟ್‌ಗಳ ಮೇಲೆ ಹಾದುಹೋಯಿತೆಂದೆವು. ಆದರೆ ವಿಮಾನಗಳು ಆ ಪ್ರಸ್ಥಭೂಮಿಯನ್ನು ಸಾಧ್ಯವಾದಷ್ಟು ಬಳಸಿಯೇ ಹೋಗುತ್ತವೆ. ವಿಮಾನದೊಳಗಿನ ಗಾಳಿಯ ಒತ್ತಡ ಆಕಸ್ಮಾತ್ ಇಳಿದುಹೋದರೆ ಪೈಲಟ್ ಕೂಡಲೇ ಸುಮಾರು 3 ಕಿಲೋಮೀಟರ್ ಎತ್ತರಕ್ಕೆ ವಿಮಾನವನ್ನು ಇಳಿಸಬೇಕು. ಅಲ್ಲಿ ಮುಖವಾಡವಿಲ್ಲದೆ ಉಸಿರಾಡಬಹುದು. ಆದರೆ ಟಿಬೆಟ್‌ನ ನೆಲದ ಸರಾಸರಿ ಎತ್ತರವೇ ಸುಮಾರು ನಾಲ್ಕೂವರೆ ಕಿಲೋಮೀಟರ್. ಇಳಿಯುವುದೆಲ್ಲಿಗೆ?

ಎರಡು ಎಂಜಿನ್‌ಗಳ ವಿಮಾನಕ್ಕೆ ಇನ್ನೊಂದು ನಿಯಮವಿದೆ. ಒಂದು ಎಂಜಿನ್ ನಿಂತರೆ, ಉಳಿದ ಒಂದರ ಬಲದಲ್ಲಿ ನಿಗದಿತ ಸಮಯದೊಳಗೆ ಮುಟ್ಟಬಹುದಾದ ವಿಮಾನ ನಿಲ್ದಾಣ ದಾರಿಯುದ್ದಕ್ಕೂ ಇರಬೇಕು. ಇದು ಕಾಗದದ ಮೇಲಿನ ಎಚ್ಚರಿಕೆ ಮಾತ್ರವಲ್ಲ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್ ಪಟ್ಟಣದಲ್ಲಿ ಇಳಿಯಿತು. 216 ಪ್ರಯಾಣಿಕರೂ 16 ಸಿಬ್ಬಂದಿಯೂ ಸುರಕ್ಷಿತವಾಗಿದ್ದರು. ಬೇರೊಂದು ವಿಮಾನ ಬಂದು ಅವರನ್ನು ಕರೆದೊಯ್ದದ್ದು ಜೂನ್ 8ರಂದು. ನಕ್ಷೆಯಲ್ಲಿ ಯಾರೂ ಹುಡುಕದ ಒಂದು ಪಟ್ಟಣ ಆ ಹೊತ್ತಿಗೆ ಎಲ್ಲಕ್ಕಿಂತ ಮುಖ್ಯವಾಯಿತು.

ಧ್ರುವದ ಬಳಿ ತೊಂದರೆಗಳು ಬೇರೆ. ವಿಮಾನದ ಇಂಧನ ಸಾಮಾನ್ಯವಾಗಿ ಸೊನ್ನೆಗಿಂತ 40ರಿಂದ 47 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ಆದ್ದರಿಂದ ಟ್ಯಾಂಕಿನ ತಾಪಮಾನವನ್ನು ಕಾಯುತ್ತಿರಬೇಕು. ಭೂಮಿಯ ಕಾಂತಧ್ರುವವೂ ಭೌಗೋಳಿಕ ಧ್ರುವವೂ ಒಂದೇ ಸ್ಥಳದಲ್ಲಿಲ್ಲದ ಕಾರಣ ಅಲ್ಲಿ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ.

ಆಕಾಶಕ್ಕೂ ಗಡಿಗಳಿವೆ. ಸೋವಿಯತ್ ಒಕ್ಕೂಟವಿದ್ದ ಕಾಲದಲ್ಲಿ ಸೈಬೀರಿಯಾದ ಆಕಾಶ ಹೊರದೇಶಗಳ ವಿಮಾನಗಳಿಗೆ ಬಹುಮಟ್ಟಿಗೆ ಮುಚ್ಚಿತ್ತು. ಆಮೇಲೆ ತೆರೆಯಿತು. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ಅಮೆರಿಕ, ಯೂರೋಪ್‌ಗಳ ವಿಮಾನ ಸಂಸ್ಥೆಗಳಿಗೆ ಮತ್ತೆ ಮುಚ್ಚಿತು. ಹೀಗೆ ಒಂದು ದೇಶದ ನಿರ್ಧಾರದಿಂದ ಎರಡು ಊರುಗಳ ನಡುವಣ ಪ್ರಯಾಣ ಗಂಟೆಗಟ್ಟಲೆ ಉದ್ದವಾಗಬಲ್ಲದು.

ಐವತ್ತೈದು ದಿನಗಳ ದಾರಿ

ಈ ದೂರ ಹಿಂದಿನವರಿಗೆ ಎಷ್ಟಿತ್ತು? ಸ್ವಾಮಿ ವಿವೇಕಾನಂದರನ್ನು ನೆನೆಯೋಣ. 1892ರಲ್ಲಿ ಅವರು ಬೆಂಗಳೂರು, ಮೈಸೂರುಗಳಿಗೆ ಬಂದು ಮಹಾರಾಜ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು. ಮರುವರ್ಷ, 1893ರ ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿದರು. ಕೊಲಂಬೊ, ಪೆನಾಂಗ್, ಸಿಂಗಪುರ, ಹಾಂಗ್‌ಕಾಂಗ್, ಜಪಾನ್ ಮಾರ್ಗವಾಗಿ ಪೆಸಿಫಿಕ್ ದಾಟಿ ಜುಲೈ 25ರಂದು ಕೆನಡಾದ ವ್ಯಾಂಕೂವರ್ ತಲುಪಿದರು. ಸ್ಯಾನ್ ಫ್ರಾನ್ಸಿಸ್ಕೊ ಇರುವುದೂ ಅದೇ ಕರಾವಳಿಯಲ್ಲಿ. ಅಲ್ಲಿ ಅವರು 1900ರಲ್ಲಿ ಉಪನ್ಯಾಸಗಳನ್ನು ನೀಡಿದರು.

ಮುಂಬಯಿಯಿಂದ ವ್ಯಾಂಕೂವರ್‌ಗೆ 55 ದಿನ, ಎಂದರೆ 1,320 ಗಂಟೆ. ಇಂದಿನ 17 ಗಂಟೆಯೊಡನೆ ಹೋಲಿಸಿದರೆ ಸುಮಾರು ಎಪ್ಪತ್ತೇಳು ಪಟ್ಟು. 1935ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಿಂದ ಮನಿಲಾಗೆ ಪೆಸಿಫಿಕ್ ಮೇಲೆ ಮೊದಲ ವಿಮಾನ ಅಂಚೆ ಹಾರಿದಾಗ, ಹೊನಲುಲು, ಮಿಡ್‌ವೇ, ವೇಕ್, ಗುವಾಮ್ ದ್ವೀಪಗಳಲ್ಲಿ ತಂಗುತ್ತಾ ಹೋದ ಆ ವಿಮಾನ ಗಾಳಿಯಲ್ಲಿ ಕಳೆದದ್ದು ಸುಮಾರು 60 ಗಂಟೆ. ಭೂಮಿ ಕುಗ್ಗಲಿಲ್ಲ. ಮನುಷ್ಯರು ದಾರಿಯನ್ನು, ಗಾಳಿಯನ್ನು, ಯಂತ್ರವನ್ನು ಅರಿತುಕೊಂಡ ಹಾಗೆ ಗಂಟೆಗಳು ಕುಗ್ಗಿದವು.

ಮಾತಾದರೋ ಇನ್ನೂ ಬೇಗ ಹೋಗುತ್ತದೆ. ಗಾಜಿನ ಎಳೆಗಳ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ 14,000 ಕಿಲೋಮೀಟರಿಗೆ ಸೆಕೆಂಡಿನ ನೂರರಲ್ಲಿ ಏಳು ಭಾಗ ಸಾಕು. ದೂರದರ್ಶನದಲ್ಲಿ ದೂರದ ಊರಿನ ವರದಿಗಾರರು ಪ್ರಶ್ನೆ ಕೇಳಿದ ಮೇಲೂ ಒಂದು ಕ್ಷಣ ಸುಮ್ಮನೆ ನಿಂತಿರುವುದನ್ನು ನೀವು ಗಮನಿಸಿರಬಹುದು. ಅವರು ಯೋಚಿಸುತ್ತಿರಲಿಲ್ಲ! ಸಂಕೇತ 35,786 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಹೋಗಿ ಇಳಿಯಲು ಸುಮಾರು ಕಾಲು ಸೆಕೆಂಡು ಬೇಕು. ಪ್ರಶ್ನೆಗೊಮ್ಮೆ, ಉತ್ತರಕ್ಕೊಮ್ಮೆ ಸೇರಿ ಅರ್ಧ ಸೆಕೆಂಡು.

ಮನೆಯಿಂದ ಮನೆಗೆ

ಈಗ ಮೂರನೆಯ ಪ್ರಶ್ನೆ: ಎಲ್ಲಿಂದ ಎಲ್ಲಿಗೆ? ಮಾತು ಕ್ಷಣದಲ್ಲಿ ಹೋಗುತ್ತದೆ, ಆದರೆ ಮನುಷ್ಯ ಹೋಗಲಾರ. ಈ ಲೆಕ್ಕ ಮನೆಯೊಳಗೆ ಬರುವುದು ಆಗಲೇ.

ಹೀಗೆ ಊಹಿಸಿಕೊಳ್ಳಿ. ಶಿವಮೊಗ್ಗದ ಒಂದು ಮನೆಯಲ್ಲಿ ಅಜ್ಜಿಗೆ ತೀರ ಹುಷಾರಿಲ್ಲ. ಚಳಿಗಾಲದ ಒಂದು ಮಂಗಳವಾರ ಬೆಳಗಿನ ಜಾವ 5 ಗಂಟೆಗೆ ಮನೆಯವರು ಸ್ಯಾನ್ ಫ್ರಾನ್ಸಿಸ್ಕೊ ಬಳಿ ಇರುವ ಮಗನಿಗೆ ಫೋನ್ ಮಾಡುತ್ತಾರೆ. ಅಲ್ಲಿ ಆಗ ಸೋಮವಾರ ಮಧ್ಯಾಹ್ನ 3.30. ಅದೃಷ್ಟಕ್ಕೆ ನಾವು ಮೊದಲು ನೋಡಿದಂಥ ವೇಳಾಪಟ್ಟಿಯ ನೇರ ವಿಮಾನವೂ ಅದರಲ್ಲೊಂದು ಸೀಟೂ ಅಂದೇ ಸಿಕ್ಕಿತೆಂದು ಇಟ್ಟುಕೊಳ್ಳೋಣ. ರಾತ್ರಿ 8.30ಕ್ಕೆ ಹೊರಟ, ಅಂದರೆ ನಮ್ಮ ಮಂಗಳವಾರ ಬೆಳಿಗ್ಗೆ 10ಕ್ಕೆ. ಬುಧವಾರ ಬೆಳಗಿನ ಜಾವ 3.45ಕ್ಕೆ ಬೆಂಗಳೂರು. ಪಾಸ್‌ಪೋರ್ಟ್ ತಪಾಸಣೆ, ಸಾಮಾನು ಮುಗಿದು ಹೊರಬರುವಾಗ 5.15. ಶಿವಮೊಗ್ಗಕ್ಕೆ ಸುಮಾರು 300 ಕಿಲೋಮೀಟರ್ ರಸ್ತೆ, 6 ಗಂಟೆ. ಮನೆಯ ಹೊಸಿಲು ದಾಟುವಾಗ ಬುಧವಾರ 11.15.

ಫೋನ್ ಬಂದ ಕ್ಷಣದಿಂದ 30 ಗಂಟೆ 15 ನಿಮಿಷ. ಇದರಲ್ಲಿ ವಿಮಾನದ ಪಾಲು 17 ಗಂಟೆ 45 ನಿಮಿಷ ಮಾತ್ರ. ಉಳಿದ ಹನ್ನೆರಡೂವರೆ ಗಂಟೆ ನೆಲದ ಮೇಲಿನದು. ಕೊನೆಯ 300 ಕಿಲೋಮೀಟರ್ ಇಡೀ ದೂರದ ನೂರರಲ್ಲಿ ಎರಡು ಭಾಗವಷ್ಟೇ, ಆದರೆ ತೆಗೆದುಕೊಂಡ ಸಮಯ ಐದರಲ್ಲಿ ಒಂದು ಭಾಗ.

ನೇರ ವಿಮಾನ ಸಿಗದಿದ್ದರೆ? ಅವು ಎಲ್ಲ ಕಾಲದಲ್ಲಿ, ಎಲ್ಲ ದಿನ ಇರುವುದಿಲ್ಲ. ನಡುವೆ ಇಳಿದು ವಿಮಾನ ಬದಲಿಸಬೇಕು. ಪೂರ್ವದ ಸಿಂಗಪುರದ ಮೂಲಕ ಬಂದರೆ ಒಟ್ಟು ದೂರ ಸುಮಾರು 16,800 ಕಿಲೋಮೀಟರ್. ಪಶ್ಚಿಮದ ಫ್ರಾಂಕ್‌ಫರ್ಟ್ ಮೂಲಕ ಬಂದರೆ ಸುಮಾರು 16,550. ಸ್ಯಾನ್ ಫ್ರಾನ್ಸಿಸ್ಕೊ ನಮಗೆ ಭೂಮಿಯ ಹೆಚ್ಚುಕಡಿಮೆ ಎದುರು ಬದಿಯಲ್ಲಿರುವುದರಿಂದ ಯಾವ ಕಡೆಯಿಂದ ಸುತ್ತಿದರೂ ದೂರ ಹೆಚ್ಚುಕಡಿಮೆ ಒಂದೇ! ಕಾಯುವ ಹೊತ್ತೂ ಸೇರಿದರೆ ಆಕಾಶದ ಪಾಲೇ ಒಂದು ದಿನವನ್ನು ಮುಟ್ಟುತ್ತದೆ, ಮನೆಯಿಂದ ಮನೆಗೆ ಒಂದೂವರೆ ದಿನ ಮೀರುತ್ತದೆ.

ಇಂಥ ಹೊತ್ತಿನಲ್ಲಿ ಮನೆಯ ಹಿರಿಯರು ಕೇಳುವುದು ಒಂದೇ ಮಾತು: "ಅವನು ಯಾವಾಗ ಬರ್ತಾನೆ?" ಯಾರೋ ಅವಸರದಲ್ಲಿ ಗಡಿಯಾರ ಕಳೆದು "ನಾಳೆ ಬೆಳಗಾಗುವುದರೊಳಗೆ" ಎಂದರೆ, ಬೆಳಗಾದ ಮೇಲಿನ ಪ್ರತಿ ಗಂಟೆಯೂ ಮನೆಯವರಿಗೆ ಭಾರವಾಗುತ್ತದೆ. "ನಾಡಿದ್ದು" ಎಂದು ತಪ್ಪಾಗಿ ಹೇಳಿದರೆ, ಕಾಯಬಹುದಾಗಿದ್ದವರು ಕಾಯದೆ ಹೋಗಬಹುದು. ಕಾಗದ ಪೆನ್ಸಿಲ್ ಹಿಡಿದು, ಎರಡೂ ಊರುಗಳ ಸಮಯವನ್ನು ಒಂದಕ್ಕೆ ತಂದು, ದಾರಿಯನ್ನು ತುಂಡು ತುಂಡಾಗಿ ಕೂಡಿಸಿ, "ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ಬರ್ತಾರೆ, ಅಜ್ಜಿ" ಎಂದು ಹೇಳಬಲ್ಲವರು ಮನೆಯಲ್ಲಿ ಒಬ್ಬರಿರಬೇಕು. ಅದು ನೀವೇ ಆಗಿರಬಹುದು.

ನಿಮ್ಮ ಪರಿಚಯದವರು ಯಾರಾದರೂ ದೂರದ ಊರಿನಲ್ಲಿದ್ದರೆ ಇಂದೇ ಈ ಲೆಕ್ಕವನ್ನು ಮಾಡಿ. ಗ್ಲೋಬಿನ ಮೇಲೆ ದಾರ ಬಿಗಿಹಿಡಿದು ದಾರಿ ಯಾವ ದೇಶಗಳ ಮೇಲೆ ಹಾಯುತ್ತದೆಂದು ಬರೆದುಕೊಳ್ಳಿ. ಎರಡೂ ಊರುಗಳ ಸಮಯದ ವ್ಯತ್ಯಾಸವನ್ನು ರೇಖಾಂಶಗಳಿಂದ ಕಂಡುಹಿಡಿಯಿರಿ. ಹೋಗುವ ಮತ್ತು ಬರುವ ಅವಧಿಗಳು ಬೇರೆ ಬೇರೆಯಾಗಿದ್ದರೆ ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ಊಹಿಸಿ. ಕೊನೆಗೆ ವಿಮಾನ ನಿಲ್ದಾಣದಿಂದ ಮನೆಯ ಬಾಗಿಲಿನವರೆಗಿನ ಹೊತ್ತನ್ನು ಕೂಡಿಸಲು ಮರೆಯಬೇಡಿ.